ಕೊಟ್ಟ ಸರದಿ ಎಲ್ಲಿಗೆ ಹೋಯಿತು?

ಮಕ್ಕಳೇ, ಬೀದಿ ಕ್ರಿಕೆಟ್‌ಗೆ ತಂಡ ಕಟ್ಟುವುದು ಹೇಗೆಂದು ನಿಮಗೆ ಗೊತ್ತೇ ಇದೆ. ಇಬ್ಬರು ನಾಯಕರು ಒಬ್ಬರಾದ ಮೇಲೆ ಒಬ್ಬರು ಹೆಸರು ಕರೆಯುತ್ತಾರೆ. ನಿಮಗೆ ಬೇಕಾದ ಬೌಲರ್‌ನನ್ನು ಎದುರಿನವನು ಮೊದಲೇ ಕರೆದುಬಿಟ್ಟರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಅಮೆರಿಕದಲ್ಲಿ ದೊಡ್ಡವರೂ ಹೀಗೇ ಆಟಗಾರರನ್ನು ಆರಿಸುತ್ತಾರೆ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ಎನ್‌ಎಫ್‌ಎಲ್ ಎಂಬ ಲೀಗಿನ 32 ತಂಡಗಳು ಪ್ರತಿ ವರ್ಷ ಸೇರಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ.

ಐಪಿಎಲ್‌ನಂತೆ ಇಲ್ಲಿ ಹರಾಜಿಲ್ಲ, ಸರದಿ ಇದೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯದು. ಸೋತವರೂ ಮೇಲೇಳಲಿ ಎಂಬುದು ಇದರ ಉದ್ದೇಶ. ಹೀಗೆ ಏಳು ಸುತ್ತು. ಆದರೆ ಸರದಿಯನ್ನೇ ಅದಲುಬದಲು ಮಾಡಿಕೊಳ್ಳಬಹುದು. ಮುಂದಿನ ವರ್ಷಗಳ ಸರದಿಯನ್ನೂ ಈಗಲೇ ಕೊಟ್ಟುಬಿಡಬಹುದು. ನಾನು ಹೇಳಹೊರಟ ಕಥೆ ಶುರುವಾಗುವುದು ಇಲ್ಲಿಂದಲೇ.

2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಸಿಕ್ಕಿದ್ದು 12ನೆಯ ಸರದಿ. ಅವರಿಗೆ ಬೇಕಾಗಿದ್ದವನು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಇಡೀ ಆಟ ನಡೆಸುವವನು. ಅಷ್ಟು ಹಿಂದೆ ನಿಂತರೆ ಒಳ್ಳೆಯವನು ಸಿಗುವುದು ಕಷ್ಟ. 3ನೆಯ ಸರದಿ ಮಯಾಮಿ ತಂಡದ ಕೈಯಲ್ಲಿತ್ತು. ಅದಕ್ಕಾಗಿ ತಮ್ಮ 12ನೆಯ ಸರದಿ, ಜೊತೆಗೆ 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಸಾಲದ್ದಕ್ಕೆ ಮೂರನೇ ಸುತ್ತಿನ ಒಂದು ಸರದಿಯನ್ನೂ ಕೊಟ್ಟರು. ಟ್ರೇ ಲ್ಯಾನ್ಸ್ ಎಂಬ ಹುಡುಗನನ್ನು ಕರೆದುಕೊಂಡರು.

ಈಗ ಕೊಟ್ಟಿದ್ದೆಲ್ಲ ಎಲ್ಲೆಲ್ಲಿ ತಿರುಗಿತು, ನೋಡೋಣ.

12ನೆಯ ಸರದಿಯನ್ನು ಮಯಾಮಿ ಅಂದೇ ಫಿಲಡೆಲ್ಫಿಯಾಗೆ ದಾಟಿಸಿ 6ನೆಯದನ್ನು ಪಡೆಯಿತು. ಡ್ರಾಫ್ಟ್ ದಿನ 10ನೆಯ ಸರದಿ ಡಲ್ಲಾಸ್‌ನದು. ಅವರು ಕಣ್ಣಿಟ್ಟಿದ್ದ ಇಬ್ಬರು ರಕ್ಷಣಾ ಆಟಗಾರರೂ 8 ಮತ್ತು 9ನೆಯ ಸರದಿಯಲ್ಲೇ ಹೊರಟುಹೋದರು. ಇತ್ತ ಫಿಲಡೆಲ್ಫಿಯಾಗೆ ಡೆವೊಂಟಾ ಸ್ಮಿತ್ ಬೇಕಿತ್ತು. 11ನೆಯ ಸರದಿಯ ನ್ಯೂಯಾರ್ಕ್ ಜೈಂಟ್ಸ್ ಅವನನ್ನು ಎಗರಿಸಿಬಿಟ್ಟರೆ? ಡಲ್ಲಾಸ್ ಮತ್ತು ಫಿಲಡೆಲ್ಫಿಯಾ ಹಾವು ಮುಂಗುಸಿಯಂಥವು. ಆದರೂ ಆ ಹೊತ್ತಿಗೆ ಕೈಕುಲುಕಿ 10 ಮತ್ತು 12ನ್ನು ಬದಲಾಯಿಸಿಕೊಂಡವು. ಸ್ಮಿತ್ ಫಿಲಡೆಲ್ಫಿಯಾಗೆ ಹೋದ. ಜೈಂಟ್ಸ್ ತನ್ನ ಸರದಿಯನ್ನು ಶಿಕಾಗೊಗೆ ಬಿಟ್ಟುಕೊಟ್ಟಿತು. ಶಿಕಾಗೊ ಜಸ್ಟಿನ್ ಫೀಲ್ಡ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತು. ಮೂರು ಕೈ ದಾಟಿ ಬಂದ 12ರಲ್ಲಿ ಡಲ್ಲಾಸ್ ಮೈಕಾ ಪಾರ್ಸನ್ಸ್‌ನನ್ನು ಕರೆಯಿತು. ಆ ವರ್ಷದ ಅತ್ಯುತ್ತಮ ಹೊಸ ರಕ್ಷಣಾ ಆಟಗಾರ ಅವನೇ! ಒಬ್ಬರು ಒಂದು ಹೆಸರು ಕರೆದರೆ ಹಿಂದೆ ನಿಂತ ಎಲ್ಲರ ಲೆಕ್ಕವೂ ಅಲುಗಾಡುತ್ತದೆ.

2022ರ ಸರದಿಯ ಪಯಣ ಇನ್ನೂ ಸ್ವಾರಸ್ಯ. ಸ್ಯಾನ್ ಫ್ರಾನ್ಸಿಸ್ಕೊ ಚೆನ್ನಾಗಿ ಆಡಿದ್ದರಿಂದ ಅದು 29ಕ್ಕೆ ಇಳಿದಿತ್ತು. ಮಿಂಚಿನಂತೆ ಓಡುವ ಟೈರೀಕ್ ಹಿಲ್‌ಗಾಗಿ ಮಯಾಮಿ ಅದನ್ನು ಇನ್ನೂ ನಾಲ್ಕು ಸರದಿಗಳ ಜೊತೆ ಕ್ಯಾನ್ಸಸ್ ಸಿಟಿಗೆ ಕೊಟ್ಟಿತು. ಕ್ಯಾನ್ಸಸ್ ಸಿಟಿ ಆ 29ಕ್ಕೆ ಇನ್ನೆರಡು ಸರದಿ ಸೇರಿಸಿ, ನ್ಯೂ ಇಂಗ್ಲೆಂಡ್ ತಂಡದಿಂದ 21ನೆಯದನ್ನು ಪಡೆದು, ಟ್ರೆಂಟ್ ಮೆಕ್‌ಡಫಿಯನ್ನು ಆರಿಸಿತು. ಈ ಹೆಸರು ನೆನಪಿರಲಿ.

2023ರ ಸರದಿ ಮಯಾಮಿಯಿಂದ ಡೆನ್ವರ್‌ಗೆ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ಡೆನ್ವರ್ ಅದನ್ನು ಕೊಟ್ಟದ್ದು ಆಟಗಾರನಿಗಾಗಿ ಅಲ್ಲ, ಶಾನ್ ಪೇಟನ್ ಎಂಬ ಕೋಚ್‌ಗಾಗಿ!

ಇಷ್ಟೆಲ್ಲ ತೆತ್ತು ತಂದ ಲ್ಯಾನ್ಸ್ ಏನಾದ? 2022ರಲ್ಲಿ ಪಾದದ ಕೀಲು ಮುರಿಯಿತು. ಸ್ಯಾನ್ ಫ್ರಾನ್ಸಿಸ್ಕೊಗಾಗಿ ಅವನು ಮೊದಲಿನಿಂದಲೇ ಕಣಕ್ಕಿಳಿದದ್ದು ನಾಲ್ಕೇ ಪಂದ್ಯ. 2023ರಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವನನ್ನು ಡಲ್ಲಾಸ್‌ಗೆ ಕಳಿಸಿದರು. ಹೌದು, ಪಾರ್ಸನ್ಸ್ ಇದ್ದ ಅದೇ ಡಲ್ಲಾಸ್‌ಗೆ.

ಹಾಗೆಂದು ತಂಡ ಮುಳುಗಲಿಲ್ಲ. 2022ರ ಡ್ರಾಫ್ಟ್‌ನಲ್ಲಿ ಎಲ್ಲರೂ ಆರಿಸಿ ಮುಗಿದ ಮೇಲೆ, ಕಟ್ಟಕಡೆಯ 262ನೆಯ ಸರದಿಯಲ್ಲಿ ಅವರು ಬ್ರಾಕ್ ಪರ್ಡಿಯನ್ನು ಕರೆದಿದ್ದರು. ಕೊನೆಯವನಿಗೆ ಅಮೆರಿಕದಲ್ಲಿ ಒಂದು ಗೇಲಿಯ ಹೆಸರೇ ಇದೆ. ನಮ್ಮ ಅಜ್ಜಿಯರ ಮಾತಲ್ಲಿ ಹೇಳುವುದಾದರೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಆ ಲೆಕ್ಕಕ್ಕಿಲ್ಲದ ಹುಡುಗನೇ 2024ರ ಫೆಬ್ರವರಿಯಲ್ಲಿ ತಂಡವನ್ನು ಸೂಪರ್ ಬೌಲ್ ಫೈನಲ್‌ಗೆ ಮುಟ್ಟಿಸಿದ.

ಎದುರಾಳಿ ಕ್ಯಾನ್ಸಸ್ ಸಿಟಿ. ಸ್ಕೋರು 16–16, ಉಳಿದದ್ದು ಸುಮಾರು ಎರಡು ನಿಮಿಷ. ಪರ್ಡಿ ಚೆಂಡೆಸೆಯುವಷ್ಟರಲ್ಲಿ ಒಬ್ಬ ನುಗ್ಗಿ ಬಂದು ಕೈಯಿಂದ ತಡೆದುಬಿಟ್ಟ. ಅವನೇ ಮೆಕ್‌ಡಫಿ! ಸ್ಯಾನ್ ಫ್ರಾನ್ಸಿಸ್ಕೊ ಮೂರೇ ಅಂಕಕ್ಕೆ ತೃಪ್ತಿಪಡಬೇಕಾಯಿತು. ಕ್ಯಾನ್ಸಸ್ ಸಿಟಿ ಸಮ ಮಾಡಿತು, ಹೆಚ್ಚುವರಿ ಆಟದಲ್ಲಿ 25–22ರಿಂದ ಗೆದ್ದಿತು.

ಒಬ್ಬನಿಂದಲೇ ಪಂದ್ಯ ಹೋಯಿತು ಎನ್ನಲಾಗದು. ಆದರೆ ಮೂರು ವರ್ಷದ ಹಿಂದೆ ತಾವೇ ಕೊಟ್ಟ ಸರದಿಯೊಂದು ಸುತ್ತಿ ಬಳಸಿ ಎದುರಾಳಿಯ ಕೈಸೇರಿ, ಅಂದು ತಮ್ಮ ದಾರಿಗೇ ಅಡ್ಡ ನಿಂತಿತ್ತು.

ಈ ವಾರ ಒಂದು ಕೆಲಸ ಮಾಡಿ. ಹಾಳೆಯ ನಡುವೆ ಸ್ಯಾನ್ ಫ್ರಾನ್ಸಿಸ್ಕೊ ಎಂದು ಬರೆದು, ಒಂದೊಂದು ಸರದಿಗೂ ಬಾಣದ ಗುರುತು ಹಾಕುತ್ತಾ ಹೋಗಿ. ಆಮೇಲೆ ಅಜ್ಜನ ಜೊತೆ ಚೌಕಾಬಾರ ಆಡಲು ಕೂತು, ಅವರು ಒಂದು ಕಾಯಿ ನಡೆಸಿದರೆ ನಿಮ್ಮ ಎಷ್ಟು ಕಾಯಿಗಳ ಲೆಕ್ಕ ಬದಲಾಗುತ್ತದೆ ಎಂದು ಎಣಿಸಿ ನೋಡಿ.