ಗಾಯ ಎಂಥದ್ದು, ಕೋಚ್ ಯಾಕೆ ಹೋದರು: ತಂಡಗಳು ಜನರಿಗೆ ಹೇಳಲೇಬೇಕೇ?

ಹಾಸನ–ಅರಸೀಕೆರೆ ರಸ್ತೆಯ ಮೇಲಿರುವ ದುದ್ದದಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಟಿಕೆಟ್ ಕೊಂಡು ಅಲ್ಲಿಗೆ ಹೋಗಿ ಪಂದ್ಯ ನೋಡುವವರು ನಮ್ಮ ಹೋಬಳಿಯಲ್ಲಿ ಕಡಿಮೆ. ಆದರೂ ಆರ್‌ಸಿಬಿ ಸೋತ ಮಾರನೆಯ ಬೆಳಿಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರ ಮಾತೆಲ್ಲ ಅದೇ. ಯಾರಿಗೆ ಏನು ಪೆಟ್ಟಾಗಿದೆ, ಕೋಚನ್ನು ಯಾವಾಗ ತೆಗೆಯುತ್ತಾರೆ, ಒಳಗೊಳಗೆ ಏನೋ ಜಗಳವಂತೆ. ತಂಡ ಬೆಂಗಳೂರಿನದು, ಅದನ್ನು ಹೊತ್ತು ಮೆರೆಸುವ ಜನ ಹಳ್ಳಿಗಳಲ್ಲೂ ಇದ್ದಾರೆ. ಅವರಿಗೂ ತಂಡಕ್ಕೂ ನಡುವೆ ಇರುವುದು ಟಿವಿ, ಪತ್ರಿಕೆ, ಮೊಬೈಲ್ ಮಾತ್ರ. ಅಲ್ಲಿ ಬರುವ ಹೇಳಿಕೆ ನಿಜವೋ ಸುಳ್ಳೋ ಎಂಬುದು ಈ ಜನಕ್ಕೆ ಸಣ್ಣ ವಿಷಯವಲ್ಲ.

ಹಾಗಾದರೆ ಆಟಗಾರರ ಗಾಯ, ಕೋಚ್‌ಗಳ ನಿರ್ಗಮನದ ಪೂರ್ತಿ ಸಂಗತಿಯನ್ನು ವೃತ್ತಿಪರ ತಂಡಗಳು ಬಹಿರಂಗವಾಗಿ ತಿಳಿಸಬೇಕೆಂಬ ನಿಯಮ ಬರಬೇಕೇ?

ಪರ

ಬರಬೇಕು. ಹೇಳದೆ ಮುಚ್ಚಿಟ್ಟದ್ದು ಹೇಗೂ ಹೊರಗೆ ಬರುತ್ತದೆ, ಬರುವಾಗ ಇನ್ನಷ್ಟು ಕೊಳಕಾಗಿ ಬರುತ್ತದೆ. ಐಪಿಎಲ್‌ನ ಮೊದಲ ವರ್ಷ, 2008ರ ಮೇ ತಿಂಗಳನ್ನು ನೆನೆಸಿಕೊಳ್ಳಿ. ಆರ್‌ಸಿಬಿಗೆ ನಾಯಕ ರಾಹುಲ್ ದ್ರಾವಿಡ್, ಕೋಚ್ ವೆಂಕಟೇಶ್ ಪ್ರಸಾದ್, ಮಾಲೀಕ ವಿಜಯ್ ಮಲ್ಯ. ತಂಡ ಸೋಲುತ್ತಲೇ ಇತ್ತು. ಟೂರ್ನಿಯ ನಡುವೆಯೇ ಸಿಇಒ ಚಾರು ಶರ್ಮಾ ಹೊರಬಿದ್ದರು. ವೈಯಕ್ತಿಕ ಕಾರಣಕ್ಕೆ ರಾಜೀನಾಮೆ ಎಂದು ಫ್ರಾಂಚೈಸಿ ಹೇಳಿತು. ತಮ್ಮನ್ನು ತೆಗೆದುಹಾಕಿದರು ಎಂದು ಶರ್ಮಾ ಹೇಳಿದರು. ಆಟಗಾರರ ಆಯ್ಕೆಯ ತಪ್ಪನ್ನು ಮಲ್ಯ ಬಹಿರಂಗವಾಗಿಯೇ ದ್ರಾವಿಡ್ ಮೇಲೂ ಹೊರಿಸಿದರು. ಕರ್ನಾಟಕದ ಅತ್ಯಂತ ಸಂಭಾವಿತ ಆಟಗಾರನ ಹೆಸರು ಹೀಗೆ ಬೀದಿಗೆ ಬಂದದ್ದನ್ನು ಕಂಡು ಆಗ ಸಂಕಟಪಟ್ಟವರು ಬಹಳ ಜನ. ಯಾರ ನಿರ್ಧಾರ, ಯಾಕೆ ತೆಗೆದುಕೊಂಡದ್ದು ಎಂದು ಮೊದಲ ದಿನವೇ ಒಂದು ನೇರ ಹೇಳಿಕೆ ಬಂದಿದ್ದರೆ ಆ ಕೆಸರಿನಲ್ಲಿ ಅರ್ಧದಷ್ಟಾದರೂ ತಪ್ಪುತ್ತಿತ್ತು.

ಒಂಬತ್ತು ವರ್ಷದ ಮೇಲೆ ಇನ್ನೊಬ್ಬ ಬೆಂಗಳೂರಿಗರಿಗೆ ಇದೇ ಗತಿ. 2017ರ ಜೂನ್, ಚಾಂಪಿಯನ್ಸ್ ಟ್ರೋಫಿ. ಭಾರತದ ಕೋಚ್ ಅನಿಲ್ ಕುಂಬ್ಳೆ ಮತ್ತು ನಾಯಕ ವಿರಾಟ್ ಕೊಹ್ಲಿ ನಡುವೆ ಸರಿಯಿಲ್ಲ ಎಂಬ ಸುದ್ದಿ ಇತ್ತು. ಪಾಕಿಸ್ತಾನದ ವಿರುದ್ಧದ ಪಂದ್ಯದ ಮುನ್ನಾದಿನ ಕೊಹ್ಲಿ ಪತ್ರಕರ್ತರ ಮುಂದೆ ಅಂಥದ್ದೇನೂ ಇಲ್ಲ ಎಂದರು. ಅದೇ ತಿಂಗಳ 20ರಂದು ಕುಂಬ್ಳೆ ರಾಜೀನಾಮೆ ಕೊಟ್ಟು, ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆ ಎಂದು ಕ್ರಿಕೆಟ್ ಮಂಡಳಿ ತಿಳಿಸಿದ್ದನ್ನು ತಾವೇ ಬರೆದು ಪ್ರಕಟಿಸಿದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬೌಲ್ ಮಾಡಿದ ಮನುಷ್ಯ ತನ್ನ ಪರವಾಗಿ ತಾನೇ ಒಂದು ಪತ್ರ ಬರೆಯಬೇಕಾಯಿತಲ್ಲ, ಮಂಡಳಿಗೆ ಬಾಯಿ ಇರಲಿಲ್ಲವೇ?

ಗಾಯದ ವಿಷಯಕ್ಕೆ ಬರೋಣ. 2023ರ ಜನವರಿ 3ರಂದು ಜಸ್‌ಪ್ರೀತ್ ಬೂಮ್ರಾ ಅವರನ್ನು ಶ್ರೀಲಂಕಾ ವಿರುದ್ಧದ ಏಕದಿನ ಸರಣಿಗೆ ಸೇರಿಸಿದರು. ವಾರ ಕಳೆಯುವುದರೊಳಗೆ ಕೈಬಿಟ್ಟರು. ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ, ಮತ್ತೆ ಮೈದಾನಕ್ಕೆ ಬಂದದ್ದು ಆಗಸ್ಟ್‌ನಲ್ಲಿ. ಅವರ ಪುನಶ್ಚೇತನ ನಡೆದದ್ದು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಫಿಟ್ ಎಂದವರು ಯಾರು, ಯಾವ ಪರೀಕ್ಷೆಯ ಮೇಲೆ ಎಂದು ಕೇಳಿದರೆ ಅದು ಕುತೂಹಲವಲ್ಲ. ಲೆಕ್ಕ ಕೊಡಬೇಕಾದ ಸಂಸ್ಥೆಯನ್ನು ಲೆಕ್ಕ ಕೇಳಿದಂತೆ.

ಇನ್ನು ದುಡ್ಡು. ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಎಂಬ ಒಳಸುದ್ದಿಗೆ ಬೆಟ್ಟಿಂಗ್ ಮಾರುಕಟ್ಟೆಯಲ್ಲಿ ಬೆಲೆಯಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಹಗರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡದ ಮಾಲೀಕರೊಬ್ಬರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಮಿನ ಅಡಿ ಬರುವುದಿಲ್ಲ ಎಂದಿತು. ಕಾನೂನಿನ ಕೈ ಇಷ್ಟೇ ಉದ್ದವಿರುವಾಗ ಒಳಸುದ್ದಿಯ ಬೆಲೆ ಇಳಿಸಲು ಇರುವ ದಾರಿ ಒಂದೇ, ಅದನ್ನು ಎಲ್ಲರ ಸುದ್ದಿ ಮಾಡುವುದು. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ನಲ್ಲಿ ಪ್ರತಿ ವಾರ ಪ್ರತಿ ತಂಡವೂ ಗಾಯಾಳುಗಳ ಪಟ್ಟಿ ಕೊಡಲೇಬೇಕು. ಯಾರಿಗೆ ಮೈಯ ಯಾವ ಭಾಗಕ್ಕೆ ಪೆಟ್ಟು, ಯಾರು ಅಭ್ಯಾಸ ಮಾಡಿದರು, ಯಾರು ಅನುಮಾನ ಎಂಬುದೆಲ್ಲ ಅದರಲ್ಲಿರುತ್ತದೆ. ಜೂಜುಕೋರರ ಕೈಗೆ ಗುಟ್ಟು ಸಿಗಬಾರದು ಎಂಬುದು ಅದರ ಹಿಂದಿನ ಮುಖ್ಯ ಕಾರಣ.

ಗಾಯ ಗೊತ್ತಾದರೆ ಆಟದ ರುಚಿ ಕೆಡುತ್ತದೆ ಎನ್ನುವವರಿಗೆ 2016ರ ಮೇ 18ನ್ನು ನೆನಪಿಸಬೇಕು. ಎಡಗೈಗೆ ಹೊಲಿಗೆ ಹಾಕಿಸಿಕೊಂಡಿದ್ದ ಕೊಹ್ಲಿ ಚಿನ್ನಸ್ವಾಮಿಯಲ್ಲಿ 50 ಎಸೆತಕ್ಕೆ 113 ಹೊಡೆದರು. ಆ ಹೊಲಿಗೆಯ ವಿಷಯ ಗೊತ್ತಿದ್ದದ್ದರಿಂದಲೇ ಆ ಇನ್ನಿಂಗ್ಸ್ ಇವತ್ತಿಗೂ ಮಾತಿನಲ್ಲಿದೆ.

ತಂಡದ ಮಾತು ಹಗುರವಲ್ಲ ಎಂಬುದಕ್ಕೆ ಅತ್ಯಂತ ನೋವಿನ ಸಾಕ್ಷಿ 2025ರ ಜೂನ್ 4. ಆರ್‌ಸಿಬಿ ಹದಿನೆಂಟನೆಯ ಪ್ರಯತ್ನದಲ್ಲಿ ಐಪಿಎಲ್ ಕಪ್ ಗೆದ್ದ ಮಾರನೆಯ ದಿನ. ವಿಜಯೋತ್ಸವದ ಮೆರವಣಿಗೆ ಇದೆಯೋ ಇಲ್ಲವೋ, ಯಾರಿಗೆ ಪ್ರವೇಶ ಎಂಬ ಗೊಂದಲದ ನಡುವೆ ಲಕ್ಷಾಂತರ ಜನ ಕ್ರೀಡಾಂಗಣದತ್ತ ಹೊರಟರು. ಕಾಲ್ತುಳಿತದಲ್ಲಿ 11 ಜೀವ ಹೋಯಿತು. ಅದರಲ್ಲಿ ನಮ್ಮ ಹಾಸನ ಜಿಲ್ಲೆಯ ಹುಡುಗನೂ ಇದ್ದ. ಯಾರ ತಪ್ಪು ಎಷ್ಟು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಇಷ್ಟು ಜನ ಕಿವಿಗೊಡುವ ಬಾಯಿಗೆ ಸ್ಪಷ್ಟವಾಗಿ, ಹೊತ್ತಿಗೆ ಸರಿಯಾಗಿ ಮಾತಾಡುವ ಕಟ್ಟುಪಾಡು ಬೇಕೇ ಬೇಕು.

ವಿರೋಧ

ಮೇಲಿನ ವಾದದಲ್ಲಿ ಕೋಚ್ ಮತ್ತು ಗಾಯ ಒಂದೇ ಹಗ್ಗಕ್ಕೆ ಬಿಗಿದುಕೊಂಡಿವೆ. ಅದನ್ನು ಬಿಡಿಸದೆ ನಿಯಮ ಮಾಡಿದರೆ ಪೆಟ್ಟು ತಿನ್ನುವವನು ಆಟಗಾರ.

ಕಬಡ್ಡಿಯಿಂದ ಶುರುಮಾಡೋಣ, ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಆಟ. ರೈಡರ್‌ನ ಎಡಗಾಲ ಹರಡಿಗೆ ನೋವಿದೆ ಎಂದು ಎದುರಾಳಿ ಕಾರ್ನರ್‌ಗೆ ಗೊತ್ತಾಯಿತು ಅನ್ನಿ. ಮುಂದಿನ 30 ಸೆಕೆಂಡಿನಲ್ಲಿ ಅವನ ಕೈ ಹೋಗುವುದು ಆ ಹರಡಿಗೇ. ಆಂಕಲ್ ಹೋಲ್ಡ್ ನಿಯಮದೊಳಗಿನ ಹಿಡಿತ, ತಡೆಯುವಂತಿಲ್ಲ. ಹೊನಲು ಬೆಳಕಿನ ಪಂದ್ಯಾವಳಿ ಆಡಿದ ಯಾವ ಹುಡುಗನನ್ನು ಬೇಕಾದರೂ ಕೇಳಿ, ನೋವಿರುವ ಕಾಲಿಗೆ ಮಂಡಿಪಟ್ಟಿ ಹಾಕಿದರೆ ಗುರುತು ಸಿಗುತ್ತದೆಂದು ಎರಡೂ ಕಾಲಿಗೆ ಹಾಕುವವರಿದ್ದಾರೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ತಂಡಗಳು ಇದೇ ಭಯಕ್ಕೆ ಗಾಯವನ್ನು ‘ಮೈಯ ಮೇಲ್ಭಾಗ’, ‘ಮೈಯ ಕೆಳಭಾಗ’ ಎಂದಷ್ಟೇ ಹೇಳಿ ನಿಲ್ಲಿಸುತ್ತವೆ. ಡಿಕ್ಕಿಯೇ ಆಟವಾಗಿರುವ ಕಡೆ ಗುಟ್ಟು ಎಂದರೆ ಮೈಗಾವಲು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವೃತ್ತಿಪರ ಆಟಗಾರನ ಬೆಲೆ ಹರಾಜಿನಲ್ಲಿ ನಿಗದಿಯಾಗುತ್ತದೆ. ಮಂಡಿಯ ಸ್ಕ್ಯಾನ್ ವರದಿ ಊರಿಗೆಲ್ಲ ಗೊತ್ತಾಗುತ್ತದೆ ಎಂದಾದರೆ ಅವನು ಏನು ಮಾಡುತ್ತಾನೆ? ಫಿಸಿಯೋಗೂ ಹೇಳುವುದಿಲ್ಲ. ನೋವು ನುಂಗಿ, ಟೇಪು ಸುತ್ತಿ ಇಳಿಯುತ್ತಾನೆ. ಆರು ವಾರದ ಗಾಯ ಆರು ತಿಂಗಳಿಗೆ ಹೋಗುತ್ತದೆ. ಜಿಲ್ಲಾ ತಂಡದ ಆಯ್ಕೆಗೆ ಬರುವ ಹಳ್ಳಿಯ ಹುಡುಗರು ಇವತ್ತಿಗೂ ಇದನ್ನೇ ಮಾಡುತ್ತಿದ್ದಾರೆ, ಕುಂಟುವುದು ಕಂಡರೆ ಹೆಸರು ಹೊಡೆದುಹಾಕುತ್ತಾರೆಂಬ ಭಯ. ಜನರಿಗೆ ಹೇಳಲೇಬೇಕೆಂಬ ನಿಯಮ ಮೊದಲು ಮುಚ್ಚಿಸುವುದು ವೈದ್ಯರ ಮುಂದೆ ತೆರೆಯಬೇಕಾದ ಬಾಯನ್ನು. ನಾನು ಈ ಕಡೆ ವಾಲುವುದಕ್ಕೆ ಇದೊಂದೇ ಕಾರಣ ಸಾಕು.

ಅರಸೀಕೆರೆ ತಾಲ್ಲೂಕಿನ ಜಾವಗಲ್ ಊರನ್ನು ಹೆಸರಲ್ಲೇ ಹೊತ್ತ ಶ್ರೀನಾಥ್ 1997ರಲ್ಲಿ ಭುಜದ ಗಾಯಕ್ಕೆ ಸಿಕ್ಕಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಭುಜ ಹೋದ ವೇಗದ ಬೌಲರನ ಕಥೆ ಮುಗಿಯಿತು ಎನ್ನುವ ಕಾಲ. ಅವರು ಮರಳಿ ಬಂದು 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ಭುಜ ಎಷ್ಟು ತಿರುಗುತ್ತದೆ ಎಂಬ ವಾರದ ವರದಿಯನ್ನು ಆಗ ಯಾರೂ ಅವರಿಂದ ಕೇಳಲಿಲ್ಲ. ಇಂದಿನ ಹುಡುಗರಿಗೆ ಆ ನೆಮ್ಮದಿ ಎಲ್ಲಿದೆ? 2023ರ ಆಗಸ್ಟ್‌ನಲ್ಲಿ ಕೆ.ಎಲ್. ರಾಹುಲ್ ಏಷ್ಯಾ ಕಪ್‌ನ ಮೊದಲ ಎರಡು ಪಂದ್ಯ ಆಡುವುದಿಲ್ಲ ಎಂದು ಆಗ ಭಾರತದ ಕೋಚ್ ಆಗಿದ್ದ ದ್ರಾವಿಡ್ ಬೆಂಗಳೂರಿನಲ್ಲಿ ಹೇಳಿದರು. ಅಷ್ಟಕ್ಕೇ ಮೊಬೈಲುಗಳಲ್ಲಿ ಆ ಹುಡುಗನ ಮೈಯನ್ನು ತುಂಡುತುಂಡಾಗಿ ವಿಚಾರಣೆ ಮಾಡಿದರು. ಹದಿನೈದು ದಿನದೊಳಗೆ ಅವರು ಪಾಕಿಸ್ತಾನದ ವಿರುದ್ಧ ಅಜೇಯ 111 ಹೊಡೆದರು. ದ್ರಾವಿಡ್ ಹೇಳಿದ್ದು ಎಷ್ಟು ಬೇಕೋ ಅಷ್ಟು: ಯಾರು ಇಲ್ಲ, ಎಷ್ಟು ಪಂದ್ಯಕ್ಕೆ ಇಲ್ಲ.

ಮೈಯ ಗಾಯಕ್ಕೇ ಇಷ್ಟಾದರೆ ಮನಸ್ಸಿನದು? 2021ರ ಫ್ರೆಂಚ್ ಓಪನ್‌ನಲ್ಲಿ ಮನಸ್ಸಿನ ಆರೋಗ್ಯದ ಕಾರಣಕ್ಕೆ ಪತ್ರಿಕಾಗೋಷ್ಠಿಗೆ ಬರಲಾರೆ ಎಂದ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾಗೆ 15,000 ಡಾಲರ್ ದಂಡ ಬಿತ್ತು. ಅವರು ಟೂರ್ನಿಯನ್ನೇ ಬಿಟ್ಟರು.

ಕೋಚ್‌ಗಳ ವಿಷಯದಲ್ಲಿ ಪರ ವಾದಕ್ಕೆ ನನ್ನ ಒಪ್ಪಿಗೆ ಹೆಚ್ಚು, ಆದರೂ ಪೂರ್ತಿ ಇಲ್ಲ. ಕುಂಬ್ಳೆ ಪತ್ರದ ನಂತರ ಕೊಹ್ಲಿ ಡ್ರೆಸ್ಸಿಂಗ್ ರೂಮಿನ ಪಾವಿತ್ರ್ಯದ ಮಾತಾಡಿದರು. ಅದನ್ನು ನೆಪ ಎಂದು ತಳ್ಳಿಹಾಕುವುದು ಸುಲಭ. ಆದರೆ ಇಬ್ಬರು ದೊಡ್ಡವರ ಮನಸ್ತಾಪವನ್ನು ಪೂರ್ತಿ ಬಿಚ್ಚಿಟ್ಟಿದ್ದರೆ ಯಾರಿಗೆ ಏನು ಸಿಗುತ್ತಿತ್ತು? ಎಷ್ಟೋ ಸಲ ಕಾರಣವನ್ನು ಅಂಕಪಟ್ಟಿಯೇ ಹೇಳಿಬಿಡುತ್ತದೆ. ಬೆಂಗಳೂರು ಬುಲ್ಸ್ ತಂಡವನ್ನು ಪ್ರೊ ಕಬಡ್ಡಿಯ ಮೊದಲ ಆವೃತ್ತಿಯಿಂದ ಹನ್ನೊಂದನೆಯದರವರೆಗೆ ರಣಧೀರ್ ಸಿಂಗ್ ಸೆಹ್ರಾವತ್ ನಡೆಸಿದರು. 2019ರ ಜನವರಿಯ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಅಂಕ ತಂದು ಕಪ್ ಗೆಲ್ಲಿಸಿದ್ದು ಅವರ ಗರಡಿಯಲ್ಲೇ. ಹನ್ನೊಂದನೆಯ ಆವೃತ್ತಿಯಲ್ಲಿ 22 ಪಂದ್ಯಕ್ಕೆ ಎರಡೇ ಗೆಲುವು, ಕಟ್ಟಕಡೆಯ ಸ್ಥಾನ. ಆಮೇಲೆ ಬಿ.ಸಿ. ರಮೇಶ್ ಬಂದರು. ಇದಕ್ಕೆ ವಿವರಣೆಯ ಪತ್ರ ಬೇಕಿತ್ತೇ? ಅಷ್ಟು ವರ್ಷ ದುಡಿದ ಗುರುವಿಗೆ ಮರ್ಯಾದೆಯ ಬೀಳ್ಕೊಡುಗೆ ಸಾಕು.

ಎನ್‌ಎಫ್‌ಎಲ್‌ನ ಉದಾಹರಣೆ ನಮಗೆ ಹೊಂದುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಕ್ರೀಡೆಯ ಬೆಟ್ಟಿಂಗ್ ಕಾನೂನುಬದ್ಧ ವ್ಯಾಪಾರ, ಅದಕ್ಕೆ ಮಾಹಿತಿ ಬೇಕು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ಕೇಂದ್ರದ ಕಾನೂನು ನಿಷೇಧಿಸಿದೆ. ಜೂಜಿನ ಅನುಕೂಲಕ್ಕೆ ಆಟಗಾರನ ಎಕ್ಸ್‌ರೇ ಹಂಚುವ ಹಂಗು ನಮಗಿಲ್ಲ.

ನಿಯಮ ಮಾಡಲೇಬೇಕೆಂದರೆ ಅದು ಬೇರೆ ದಿಕ್ಕಿಗೆ ತಿರುಗಲಿ. ಆಡುತ್ತಾನೆ, ಆಡುವುದಿಲ್ಲ, ಅನುಮಾನ ಎಂಬ ಮೂರು ಮಾತು ಹೊರಗಿನವರಿಗೆ. ಪೂರ್ತಿ ವರದಿ ಆಟಗಾರನ ಕೈಗೆ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ಇಂಗ್ಲಿಷ್ ಬಾರದ ಹದಿನೆಂಟರ ಹುಡುಗನಿಗೆ ತನ್ನ ಮಂಡಿಯೊಳಗೆ ಏನು ಹರಿದಿದೆ, ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಒಪ್ಪಂದ ಮುಗಿದ ಮೇಲೂ ಚಿಕಿತ್ಸೆ ಮುಂದುವರಿಯುತ್ತದೋ ಇಲ್ಲವೋ ಎಂಬುದನ್ನು ತಂಡ ಬರೆದು, ಸಹಿ ಹಾಕಿ ಕೊಡಲಿ.