ದ್ವೀಪದಲ್ಲೊಂದು ತುಂಡು ಭೂಮಿ

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಜಮೀನು ಕೊಳ್ಳಬೇಕೆಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗ ಈಚೆಗೆ ಕಾಗದಪತ್ರಗಳ ಕಟ್ಟೊಂದನ್ನು ತಂದು ನನ್ನ ಮುಂದಿಟ್ಟ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ಆತನಿಗೆ ನೀರಿನ ಅಂಚಿನಲ್ಲೊಂದು ಸಣ್ಣ ಮನೆ, ಸುತ್ತ ಅಡಿಕೆ ತೋಟ ಎಂಬ ಆಸೆ. ‘ಅಂಕಲ್, ಎಲ್ಲ ಕ್ಲಿಯರ್ ಇದೆ ಅಂತ ಬ್ರೋಕರ್ ಹೇಳಿದಾನೆ. ನೀವೊಂದು ಸಲ ಕಣ್ಣು ಹಾಯಿಸಿದರೆ ಅಡ್ವಾನ್ಸ್ ಕೊಟ್ಟುಬಿಡ್ತೀನಿ’ ಎಂದ. ಕಂದಾಯ ಆಡಳಿತದಲ್ಲಿ ಬದುಕಿನ ಬಹುಭಾಗ ಕಳೆದವನಿಗೆ ‘ಎಲ್ಲ ಕ್ಲಿಯರ್’ ಎಂಬ ಮಾತಿನಷ್ಟು ಅನುಮಾನ ಹುಟ್ಟಿಸುವಂಥದ್ದು ಇನ್ನೊಂದಿಲ್ಲ.

ಸಾಗರ ತಾಲ್ಲೂಕಿನ ತುಮರಿ ಮತ್ತು ಸುತ್ತಲ ಹಳ್ಳಿಗಳನ್ನು ಜನ ದ್ವೀಪವೆಂದೇ ಕರೆಯುತ್ತಾರೆ. ಭೂಗೋಳದ ಲೆಕ್ಕದಲ್ಲಿ ಅದು ದ್ವೀಪವಲ್ಲ. ನೀರು ಸುತ್ತುವರಿಯದ ಕಡೆ ಪಶ್ಚಿಮ ಘಟ್ಟದ ಕಾಡು. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಅಲ್ಲಿಯವರ ಬದುಕು ದ್ವೀಪವಾಸಿಗಳದ್ದೇ ಆಯಿತು. ಸಾಗರಕ್ಕೆ ಹೋಗಬೇಕೆಂದರೆ ಲಾಂಚ್ ಹತ್ತಬೇಕು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೆರಿಗೆ ನೋವಿನ ಹೆಂಗಸಾದರೂ ಕಾಡಿನ ಸುತ್ತು ದಾರಿಯನ್ನೇ ಹಿಡಿಯಬೇಕು. ಆ ಕಷ್ಟಕ್ಕೆ ತೆರೆ ಬಿದ್ದದ್ದು 2025ರ ಜುಲೈನಲ್ಲಿ, ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದಾಗ. ಸಿಗಂದೂರಿನ ಭಕ್ತರಿಗೆ ಅದು ವರವಾಯಿತು, ರೋಗಿಗಳಿಗೆ ಅದಕ್ಕಿಂತ ಹೆಚ್ಚು. ಜೊತೆಗೆ ದಲ್ಲಾಳಿಗಳೂ ಸೇತುವೆ ದಾಟಿದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯಿಲ್ಲ. ರಸ್ತೆ ಬಂದೊಡನೆ ಭೂಮಿಯ ಬೆಲೆ ಏರುವುದು ಮಣ್ಣು ಫಲವತ್ತಾದ ಕಾರಣಕ್ಕಲ್ಲ, ಪೇಟೆ ಹತ್ತಿರವಾದ ಕಾರಣಕ್ಕೆ. ಸಾರ್ವಜನಿಕ ಹಣ ಸೃಷ್ಟಿಸಿದ ಆ ಹೆಚ್ಚುವರಿ ಮೌಲ್ಯ ಯಾರ ಜೇಬಿಗೆ ಸೇರುತ್ತದೆ ಎಂಬುದು ಭೂಮಿಯ ಹಕ್ಕು ಯಾರ ಹೆಸರಿನಲ್ಲಿ ದಾಖಲಾಗಿದೆ ಎಂಬುದನ್ನು ಅವಲಂಬಿಸಿದೆ. ಈ ಸೀಮೆಯಲ್ಲಿ ಅತ್ಯಂತ ಮಸುಕಾಗಿರುವುದು ಈ ದಾಖಲೆಯೇ.

ಮೊದಲು ನಗರವಾಸಿಗೆ ಕೃಷಿ ಜಮೀನು ಕೊಳ್ಳುವುದೇ ಕಷ್ಟವಾಗಿತ್ತು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕನಲ್ಲದವನನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. (ಅನಿವಾಸಿ ಭಾರತೀಯರಿಗೆ ಮಾತ್ರ ವಿದೇಶಿ ವಿನಿಮಯ ನಿಯಮಗಳಡಿ ಕೃಷಿ ಭೂಮಿ, ತೋಟ, ತೋಟದಮನೆ ಕೊಳ್ಳುವುದು ಇಂದಿಗೂ ನಿಷಿದ್ಧ, ಅಮೆರಿಕದಲ್ಲಿರುವ ಮಕ್ಕಳ ಹಣ ಹಾಕುವ ತಂದೆತಾಯಿ ಇದನ್ನು ಗಮನಿಸಬೇಕು.) ಕೊಳ್ಳುವ ಬಾಗಿಲು ಹೀಗೆ ತೆರೆಯಿತು. ಏನನ್ನು ಕೊಳ್ಳುತ್ತಿದ್ದೇವೆ ಎಂಬುದನ್ನು ತಿಳಿಸುವ ದೀಪವನ್ನು ಸರ್ಕಾರ ಹಚ್ಚಿಡಲಿಲ್ಲ ಎಂಬುದು ನನ್ನ ಆಕ್ಷೇಪಣೆ.

ಹುಡುಗ ತಂದ ಕಟ್ಟಿನಲ್ಲಿ ಪಹಣಿ ಇತ್ತು, ಹದಿಮೂರು ವರ್ಷಗಳ ಋಣಭಾರ ಪ್ರಮಾಣಪತ್ರ ಇತ್ತು. ಇಷ್ಟಿದ್ದರೆ ಸಾಕೆಂದು ವಿದ್ಯಾವಂತರೂ ನಂಬುತ್ತಾರೆ. ಪಹಣಿ ಹಕ್ಕುಪತ್ರವಲ್ಲ, ಅದರಲ್ಲಿ ಬರೆದಿರುವುದನ್ನು ಬೇರೆ ರುಜುವಾತು ಸಿಗುವವರೆಗೆ ನಿಜವೆಂದು ಭಾವಿಸಬೇಕು ಎಂದಷ್ಟೇ ಕಂದಾಯ ಕಾಯ್ದೆಯ 133ನೇ ಕಲಮು ಹೇಳುತ್ತದೆ. ಉಪನೋಂದಣಾಧಿಕಾರಿ ಕೂಡ ಪತ್ರವನ್ನು ನೋಂದಾಯಿಸುತ್ತಾನೆಯೇ ಹೊರತು ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ.

ದಲ್ಲಾಳಿ ಹೇಳಿದ್ದು ಏಳು ಎಕರೆ. ಪಹಣಿಯಲ್ಲಿದ್ದದ್ದು ಎರಡು ಎಕರೆ ಚಿಲ್ಲರೆ. ಉಳಿದದ್ದು ಎಲ್ಲಿ? ನಾನೂ ಅವನೂ ಒಂದು ಭಾನುವಾರ ಸ್ಥಳಕ್ಕೆ ಹೋದೆವು. ಮಾರುವ ಹಿರಿಯರು ತೋಟದ ಮೇಲಿನ ಗುಡ್ಡದತ್ತ ಕೈ ತೋರಿಸಿ, ‘ಬೆಟ್ಟ ನಮ್ದೇ ಸ್ವಾಮಿ, ಅಜ್ಜನ ಕಾಲದಿಂದ ಸೊಪ್ಪು ತರ್ತಾ ಇದ್ದೇವೆ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮಲೆನಾಡಿನ ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು ತರುವ ಸವಲತ್ತು ತೋಟದವರಿಗೆ ಬ್ರಿಟಿಷರ ಕಾಲದಿಂದಲೂ ಇದೆ. ಅದು ಸವಲತ್ತು, ಒಡೆತನವಲ್ಲ, ಭೂಮಿ ಸರ್ಕಾರದ್ದು. ತಲೆಮಾರುಗಳಿಂದ ಬೆಟ್ಟವನ್ನು ಕಾಪಾಡಿದ ಕುಟುಂಬ ಅದನ್ನು ತನ್ನದೆಂದು ತಿಳಿಯುವುದು ಸಹಜ. ಆದರೆ ಕೊಳ್ಳುವವನು ಅಲ್ಲಿ ಒಂದು ಕಾಟೇಜ್ ಕಟ್ಟಿದರೂ ಅರಣ್ಯ ಮೊಕದ್ದಮೆ ಎದುರಿಸಬೇಕಾಗುತ್ತದೆ.

ನೀರಿನ ಅಂಚಿನದ್ದೂ ಇದೇ ಕಥೆ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಅಲ್ಲಿಯವರೆಗಿನ ನೆಲ ಯೋಜನೆಗಾಗಿ ಸ್ವಾಧೀನವಾದದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಹಸಿರು ಬಯಲನ್ನು ತೋರಿಸಿ ‘ಲೇಕ್ ಫ್ರಂಟ್’ ಎಂದು ಮಾರುವವರಿದ್ದಾರೆ. ಅದು ಯಾರ ಜಮೀನೂ ಅಲ್ಲ, ಕೆರೆಯ ತಳ.

ಇನ್ನೂ ಬಿಕ್ಕಟ್ಟಿನದು ಮುಳುಗಡೆಯವರ ಪ್ರಶ್ನೆ. ನಾಡಿಗೆ ಬೆಳಕು ಕೊಡಲು ಮನೆಮಠ ಕಳೆದುಕೊಂಡ ಕುಟುಂಬಗಳನ್ನು ಅರವತ್ತರ ದಶಕದಲ್ಲಿ ಲಾರಿಗಳಲ್ಲಿ ಸಾಗಿಸಿ ಕಾಡಿನ ನಡುವೆ ಇಳಿಸಲಾಯಿತು. ಅವರು ಕಾಡು ಕಡಿದು ಗದ್ದೆ ಮಾಡಿದರು. ಆ ನೆಲವನ್ನು ಅರಣ್ಯದ ದಾಖಲೆಯಿಂದ ಕ್ರಮಬದ್ಧವಾಗಿ ಬಿಡಿಸುವ ಕೆಲಸ ಮಾತ್ರ ಬಹುಪಾಲು ನಡೆಯಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಅನಿವಾರ್ಯವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹೀಗಾಗಿ ಮೂರನೆಯ ತಲೆಮಾರಿನವರೂ ತಾವು ಉಳುವ ನೆಲದಲ್ಲಿ ಕಾನೂನಿನ ದೃಷ್ಟಿಯಲ್ಲಿ ಒತ್ತುವರಿದಾರರು. ಇಂಥವರಲ್ಲಿ ಕೆಲವರು ಕಷ್ಟಕ್ಕೆ ಸಿಕ್ಕಿ ಸ್ಟಾಂಪ್ ಕಾಗದದ ಮೇಲೆ ‘ಅನುಭವದ ಹಕ್ಕು’ ಬರೆದುಕೊಟ್ಟು ಹಣ ಪಡೆಯುತ್ತಾರೆ. ಮುಂದೆಂದಾದರೂ ಹಕ್ಕುಪತ್ರ ಬರುವ ದಿನ ಅವರ ಕೈಯಲ್ಲಿ ಭೂಮಿಯಿರುವುದಿಲ್ಲ, ಕೊಂಡವನ ಕೈಯಲ್ಲಿ ಹಕ್ಕಿರುವುದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಸರ್ಕಾರದ ಅನುಮತಿಯಿಲ್ಲದ ಮಾರಾಟ 1978ರ ಕಾಯ್ದೆಯಡಿ ಅಸಿಂಧು. ಅದನ್ನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಆದ್ದರಿಂದ ಈ ಹೋಬಳಿಯಲ್ಲಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಮುಗಿದು, ಯಾವ ಸರ್ವೆ ನಂಬರು ಅರಣ್ಯ, ಯಾವುದು ಮುಳುಗಡೆಯವರ ನೆಲ, ಯಾವುದು ಖಾಸಗಿ ಹಿಡುವಳಿ ಎಂಬ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಗೆ ಬರುವ ತನಕ ಹೊರಗಿನವರಿಗೆ ಮಾರಾಟವನ್ನು ತಡೆಹಿಡಿಯುವುದೇ ಲೇಸೆಂದು ನನ್ನ ಅಭಿಪ್ರಾಯ. ಮಾರುಕಟ್ಟೆಯ ಸ್ವಾತಂತ್ರ್ಯದಲ್ಲಿ ನಂಬಿಕೆಯಿರುವವನೇ ನಾನು. ಆದರೆ ಮಾರುವ ಸರಕು ಯಾರದೆಂದು ತಿಳಿಯದ ಕಡೆ ಮಾರುಕಟ್ಟೆ ಇರುವುದಿಲ್ಲ, ಜೂಜು ಇರುತ್ತದೆ.

ಎರಡು ಎಕರೆ ಚಿಲ್ಲರೆ ಮಾತ್ರ ಹಿರಿಯರದ್ದೇ ಎಂಬುದು ಮೂಲ ಕಡತಗಳಿಂದ ಖಚಿತವಾಯಿತು. ಹಾಗೆಂದು ಪೂರ್ತಿ ಅವರೊಬ್ಬರದ್ದೂ ಅಲ್ಲ; ತಂದೆಯ ಆಸ್ತಿಯಾದ್ದರಿಂದ ಹೊಸನಗರದ ಕಡೆ ಮದುವೆಯಾಗಿ ಹೋದ ತಂಗಿಗೂ ಅದರಲ್ಲಿ ಪಾಲಿದೆ. ‘ಅವಳು ಏನೂ ಕೇಳೋಳಲ್ಲ’ ಎಂದರು. ಕೇಳಿ ಬನ್ನಿ, ಆಕೆ ಉಪನೋಂದಣಿ ಕಚೇರಿಗೆ ಬಂದು ಸಹಿ ಹಾಕಿ ತನ್ನ ಪಾಲಿನ ಹಣ ಎಣಿಸಿಕೊಳ್ಳಲಿ, ಪೋಡಿಯಾಗಿ ಹನ್ನೊಂದು ಇ ನಕ್ಷೆ ಸಿದ್ಧವಾಗಲಿ, ಆಮೇಲೆ ಅಡ್ವಾನ್ಸ್ ಮಾತು ಎಂದೆ. ಹುಡುಗನಿಗೆ ಸ್ವಲ್ಪ ಬೇಸರವಾದಂತಿತ್ತು. ಹಿರಿಯರು ಮಾತ್ರ ಬಾಳೆಲೆಯ ಊಟ ಹಾಕಿ, ಮುಂದಿನ ವಾರ ತಂಗಿಯ ಮನೆಗೆ ಹೋಗಿಬರುವುದಾಗಿ ಹೇಳಿದರು. ಹೋಗಿ ಬಂದರೆಂದೂ ಆಕೆ ಯೋಚಿಸಿ ಹೇಳುವೆನೆಂದಳೆಂದೂ ಮೊನ್ನೆ ಫೋನಿನಲ್ಲಿ ತಿಳಿಯಿತು.