ಮನೆಮದ್ದಿನ ಹೆಸರನ್ನೂ ಚೀಟಿಯಲ್ಲಿ ಬರೆಸಿ

ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ನಿಂತು ನಾನು ದಿನವೂ ಕೇಳುವ ಪ್ರಶ್ನೆ ಒಂದಿದೆ: "ಬೇರೆ ಏನಾದರೂ ಮದ್ದು ತಗೊಳ್ತಾ ಇದ್ದೀರಾ?" ನಮ್ಮವರಲ್ಲಿ ಹೆಚ್ಚಿನವರು "ಇಲ್ಲ" ಎನ್ನುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ, "ಊರಿಂದ ಬರುವಾಗ ಅಮ್ಮ ಏನು ಕಟ್ಟಿ ಕೊಟ್ಟಿದ್ದಾರೆ?" ಎಂದು ಕೇಳಿದರೆ ಉತ್ತರ ಬೇರೆ. ಅಮೃತಬಳ್ಳಿ ಪುಡಿ, ಮಧುನಾಶಿನಿ, ಒಣಗಿಸಿದ ಕಿರುನೆಲ್ಲಿ, ಕಷಾಯದ ಪುಡಿ, ಗಂಟುನೋವಿಗೆ ಯಾರೋ ಕೊಟ್ಟ ಕಪ್ಪು ಗುಳಿಗೆ. ಕೇಳಿದವರಿಗೆ ಸುಳ್ಳು ಹೇಳಬೇಕೆಂದು ಯಾರೂ "ಇಲ್ಲ" ಎನ್ನುವುದಿಲ್ಲ. ಅವರ ಲೆಕ್ಕದಲ್ಲಿ ಅದು ಮದ್ದೇ ಅಲ್ಲ, ಸೊಪ್ಪು.

ಇದು ಲೇಬರ್ ಕ್ಯಾಂಪಿನ, ಹೆಚ್ಚು ಓದದವರ ಅಭ್ಯಾಸ ಎಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ರಜೆಯಲ್ಲಿ ಅಮೆರಿಕದ ನೆವಾರ್ಕ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಚಿಕ್ಕ ಊರದು. ಒಂದು ಕಡೆ ಕೊಲ್ಲಿಯ ನೀರು, ಉಳಿದ ಕಡೆಯೆಲ್ಲ ಫ್ರೀಮಾಂಟ್ ನಗರ. ಕಂಪ್ಯೂಟರ್ ಕೆಲಸದ ಕನ್ನಡಿಗರು ಆ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಅಕ್ಕನ ಹಿತ್ತಲಿನಲ್ಲಿ ದೊಡ್ಡಪತ್ರೆ, ತುಳಸಿ, ಕುಂಡದಲ್ಲಿ ಕರಿಬೇವು. ಶೀತವಾದರೆ ದೊಡ್ಡಪತ್ರೆ ಬಾಡಿಸಿ ರಸ, ಹೊಟ್ಟೆ ಉಬ್ಬರಕ್ಕೆ ಓಮದ ನೀರು. ಎಲ್ಲ ಊರಿನಂತೆಯೇ. ಅಡುಗೆಮನೆಯ ಮೇಲಿನ ಗೂಡು ತೆಗೆದರೆ ನಮ್ಮ ಕ್ಯಾಂಪಿನ ಟ್ರಂಕಿನಲ್ಲಿರುವ ಅದೇ ಡಬ್ಬಿಗಳು. ಅಕ್ಕನ ಅತ್ತೆ ಸಕ್ಕರೆ ಕಾಯಿಲೆಗೆ ಮಾತ್ರೆಯ ಜೊತೆ ಮಧುನಾಶಿನಿ ಕ್ಯಾಪ್ಸೂಲ್ ನುಂಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಔಷಧಿ ಕೊಡುವಾಗ ಫಾರ್ಮಸಿಸ್ಟ್ ಬಾಯಿಬಿಟ್ಟು ವಿವರಿಸಬೇಕೆಂಬ ನಿಯಮವಿದೆ. ಹಾಗೆ ವಿವರಿಸುವಾಗ ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಅಲ್ಲಿಯೂ ಕೇಳಿದ್ದರಂತೆ. ಅತ್ತೆಯ ಉತ್ತರ: "ಏನೂ ಇಲ್ಲ."

ತಮಾಷೆಯೆಂದರೆ ಅಮೆರಿಕದ ಕಾನೂನೂ ಅತ್ತೆಯ ಮಾತನ್ನೇ ಹೇಳುತ್ತದೆ. 1994ರ ಕಾಯ್ದೆಯ ಪ್ರಕಾರ ಗಿಡಮೂಲಿಕೆಯ ಕ್ಯಾಪ್ಸೂಲು ಆಹಾರಕ್ಕೆ ಪೂರಕ ಎನ್ನುವ ಲೆಕ್ಕಕ್ಕೆ ಬರುತ್ತದೆ, ಔಷಧಿಯ ಲೆಕ್ಕಕ್ಕಲ್ಲ. ಮಾರುವ ಮೊದಲು ಅದು ಕೆಲಸ ಮಾಡುತ್ತದೆಂದು ಸರಕಾರಕ್ಕೆ ತೋರಿಸಬೇಕಾಗಿಲ್ಲ. ಯಾವ ರೋಗವನ್ನೂ ಗುಣಪಡಿಸುವ ಉದ್ದೇಶದ್ದಲ್ಲ ಎಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಲ್ಲಿಯ ಇಂಡಿಯನ್ ಅಂಗಡಿಗಳ ಕೆಲವು ಡಬ್ಬಿಗಳ ಮೇಲೆ ಇನ್ನೊಂದು ಚೀಟಿಯೂ ಇರುತ್ತದೆ, ಇದರಲ್ಲಿ ಸೀಸ ಇರಬಹುದು ಎಂದು. 1986ರಲ್ಲಿ ಕ್ಯಾಲಿಫೋರ್ನಿಯಾದ ಜನರೇ ಮತ ಹಾಕಿ ತಂದ ನಿಯಮ ಅದು. ಅಕ್ಕ ಅದನ್ನು ನೋಡಿ, "ಇಲ್ಲಿ ಎಲ್ಲದಕ್ಕೂ ಅಂಟಿಸ್ತಾರೆ ಬಿಡು" ಎಂದಳು. ಅವಳ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹಿತ್ತಲಿನ ದೊಡ್ಡಪತ್ರೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಭಸ್ಮ ಸೇರಿಸಿದ ಗುಳಿಗೆಗೆ, ಎಲ್ಲಿ ಕುಟ್ಟಿದ್ದೆಂದು ಗೊತ್ತಿಲ್ಲದ ಪುಡಿಗೆ ಸಂಬಂಧವಿದೆ.

ನನ್ನ ವಾದ ಸೊಪ್ಪಿನ ವಿರುದ್ಧ ಅಲ್ಲ. ಸೊಪ್ಪು ಕೆಲಸ ಮಾಡುತ್ತದೆ ಎಂಬುದೇ ನನ್ನ ವಾದ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಮ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಬಿಪಿಗೆ ಬಂದ ಮೊದಲ ಒಳ್ಳೆಯ ಮಾತ್ರೆಗಳಲ್ಲಿ ಅದೂ ಒಂದು. ಒತ್ತಡ ಇಳಿಸುವ ಶಕ್ತಿ ಇರುವ ಬೇರಿಗೆ ಜಾಸ್ತಿ ಇಳಿಸುವ ಶಕ್ತಿಯೂ ಇರುತ್ತದೆ. "ಪ್ರಯೋಜನ ಆಗದಿದ್ದರೂ ತೊಂದರೆ ಇಲ್ಲ" ಎನ್ನುವವರು ಇದನ್ನು ಮರೆಯುತ್ತಾರೆ.

ಮಧುನಾಶಿನಿಯನ್ನೇ ತೆಗೆದುಕೊಳ್ಳಿ. ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದಂತೆ ಅನಿಸುತ್ತದೆ, ಸಿಹಿ ಗೊತ್ತಾಗುವುದೇ ಇಲ್ಲ. ಬೇಕಾದರೆ ಮಾಡಿ ನೋಡಿ. ರಕ್ತದ ಸಕ್ಕರೆಯನ್ನೂ ಸ್ವಲ್ಪ ಇಳಿಸುತ್ತದೆ. ಈಗ ನಮ್ಮ ಒಬ್ಬ ಡ್ರೈವರೋ ಫಿಟ್ಟರೋ ರಜೆಯಿಂದ ಬರುವಾಗ ಆರು ತಿಂಗಳಿಗಾಗುವಷ್ಟು ಪುಡಿ ತರುತ್ತಾರೆ ಎನ್ನಿ. ಡಾಕ್ಟರು ಬರೆದ ಗ್ಲಿಮೆಪಿರೈಡ್ ಮಾತ್ರೆಯೂ ನಡೆಯುತ್ತಿರುತ್ತದೆ. ರಕ್ತ ಪರೀಕ್ಷೆಯಲ್ಲಿ ಬರುವ ಅಂಕಿ ಮಾತ್ರೆ ಮತ್ತು ಪುಡಿ ಎರಡೂ ಸೇರಿ ಮಾಡಿದ ಕೆಲಸ. ಡಾಕ್ಟರಿಗೆ ಗೊತ್ತಿರುವುದು ಮಾತ್ರೆ ಮಾತ್ರ. ಪುಡಿ ಮುಗಿಯುತ್ತದೆ, ಸಕ್ಕರೆ ಏರುತ್ತದೆ, ಡಾಕ್ಟರು ಮಾತ್ರೆ ಹೆಚ್ಚಿಸುತ್ತಾರೆ. ಅಷ್ಟರಲ್ಲಿ ಊರಿಂದ ಬಂದ ಗೆಳೆಯನ ಕೈಯಲ್ಲಿ ಮತ್ತೆ ಪುಡಿ ಬರುತ್ತದೆ. ಈಗ ಹೆಚ್ಚಿಸಿದ ಮಾತ್ರೆ, ಜೊತೆಗೆ ಪುಡಿ. ಸಕ್ಕರೆ ಕುಸಿದರೆ ಬೆವರು, ಕೈನಡುಕ, ಕಣ್ಣು ಕತ್ತಲೆ. ಜುಲೈ ತಿಂಗಳ ಬಿಸಿಲಿನಲ್ಲಿ ಸೈಟಿನಲ್ಲಿ ನಿಂತವರಿಗೆ ಬೆವರು ಬಂದರೆ ಸಕ್ಕರೆ ಇಳಿದಿದೆಯೆಂದು ಯಾರು ತಿಳಿಯುತ್ತಾರೆ? ಬಿಸಿಲು ಹೊಡೆಯಿತು ಎಂದು ನೆರಳಿನಲ್ಲಿ ಕೂರಿಸಿ ಬರೀ ನೀರು ಕೊಡುತ್ತಾರೆ. ಕೊಡಬೇಕಾದದ್ದು ಸಕ್ಕರೆ ಬೆರೆಸಿದ ನೀರು. ಸ್ಟಿಯರಿಂಗ್ ಹಿಡಿದವರಿಗೆ, ಏಣಿ ಮೇಲಿದ್ದವರಿಗೆ ಹೀಗಾದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಿರುನೆಲ್ಲಿಯ ವಿಷಯ ಇನ್ನೂ ಸೂಕ್ಷ್ಮ. ಕಾಮಾಲೆಗೆ ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಯುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದದ್ದು. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿದ ಕೀರ್ತಿ ಮಜ್ಜಿಗೆಗೆ ಹೋಗುತ್ತದೆ, ಹೋಗಲಿ. ಆದರೆ ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ನೋಡುವುದು ಹೆಪಟೈಟಿಸ್ ಬಿ. ಅದರಲ್ಲಿ "ಅನ್‌ಫಿಟ್" ಎಂದು ಬಂದವರ ಗತಿ ನಿಮಗೆಲ್ಲ ಗೊತ್ತು. ಏಜೆಂಟನಿಗೆ ಕೊಟ್ಟ ಹಣ ಹೋಯಿತು, ಮನೆಯ ಸಾಲ ಉಳಿಯಿತು. ಅಂಥವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಮೂರು ತಿಂಗಳು ಕಿರುನೆಲ್ಲಿ ಕುಡಿ, ನೆಗೆಟಿವ್ ಆಗ್ತದೆ."

ಈ ಆಸೆ ಗಾಳಿಯಿಂದ ಹುಟ್ಟಿದ್ದಲ್ಲ. 1988ರಲ್ಲಿ ಮದ್ರಾಸಿನ ಡಾ. ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಸೇರಿ ಪ್ರಸಿದ್ಧ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಕಿರುನೆಲ್ಲಿ ಕೊಟ್ಟ 37 ಜನರಲ್ಲಿ 22 ಜನರಿಗೆ ಪರೀಕ್ಷೆ ನೆಗೆಟಿವ್ ಬಂದಿತ್ತು. ಲೋಕವೇ ಕಿವಿ ನಿಮಿರಿಸಿತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಅಂದರೆ ಗಿಡವನ್ನು ಯಾರೂ ಹೀಯಾಳಿಸಲಿಲ್ಲ, ಮರ್ಯಾದೆಯಿಂದಲೇ ಪರೀಕ್ಷಿಸಿದರು, ಗಿಡ ಆ ಕೆಲಸ ಮಾಡಲಿಲ್ಲ. ಇಂದು ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳಿವೆ. ಅವೂ ಪಾಸಿಟಿವನ್ನು ಅಳಿಸುವುದು ಅಪರೂಪವೇ, ಆದರೆ ವೈರಸ್ಸನ್ನು ಅದುಮಿ ಪಿತ್ತಜನಕಾಂಗವನ್ನು ಕಾಪಾಡುತ್ತವೆ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರು ಹೇಳಬೇಕು. ವೀಸಾಕ್ಕಾಗಿ ಕಷಾಯ ಕುಡಿದು, ನೆಗೆಟಿವ್ ಬರಲಿಲ್ಲವೆಂದು ಕಾಯಿಲೆಯನ್ನೇ ಮರೆತು ಕೂರುವವರ ಬಗ್ಗೆ ನನಗೆ ಚಿಂತೆ. ಮನೆಯ ಉಳಿದವರಿಗೆ ಲಸಿಕೆ ಹಾಕಿಸಬೇಕೆಂದು ಅವರಿಗೆ ಎಷ್ಟೋ ಸಲ ಯಾರೂ ಹೇಳಿರುವುದೂ ಇಲ್ಲ.

ಅಮೃತಬಳ್ಳಿಯ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2020ರ ಕೊನೆಯಲ್ಲಿ ಮುಂಬಯಿಯ ವೈದ್ಯರು ಅದನ್ನು ಕುಡಿದು ಪಿತ್ತಜನಕಾಂಗ ಕೆಟ್ಟ ಆರು ಜನರನ್ನು ಕಂಡರು. ನಂತರ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ 43 ಜನರ ವಿವರ ಪ್ರಕಟಿಸಿದರು. ಅದು ಬೇರೆ ಜಾತಿಯ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ನನಗೆ ಆ ಜಗಳದಲ್ಲಿ ಪಕ್ಷ ವಹಿಸಬೇಕಾಗಿಲ್ಲ. ಬೇಲಿ ಮೇಲಿದ್ದಾಗ ಅಜ್ಜಿಗೆ ಬಳ್ಳಿಯ ಗುರುತು ಸಿಗುತ್ತಿತ್ತು, ಪುಡಿಯಾಗಿ ಪ್ಯಾಕೆಟ್ ಸೇರಿದ ಮೇಲೆ ಅಜ್ಜಿಗೂ ಸಿಗುವುದಿಲ್ಲ. ತುಳುನಾಡಿನವರಿಗೆ ಇದು ಹೊಸ ಮಾತಲ್ಲ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ ತರುವವರು ಹಿಂದಿನ ದಿನವೇ ಮರ ಗುರುತು ಮಾಡಿಟ್ಟು ಬರುತ್ತಿದ್ದರು. ನಸುಕಿನ ಕತ್ತಲಲ್ಲಿ ಕೈತಪ್ಪಿ ಕಾಸರಕದ ಕೆತ್ತೆ ಬಂದರೆ ಅದು ವಿಷ. ಈಗ ಆ ಕೆತ್ತೆಯೂ ಪುಡಿಯಾಗಿ ಪಾರ್ಸೆಲ್ ಬರುತ್ತದೆ. ಮರ ಗುರುತು ಮಾಡಿದವರು ಯಾರು?

ಹಾಗಾಗಿ ನನ್ನ ಗೆರೆ ಇಷ್ಟು. ಸಾರಿಗೆ ಹಾಕುವಷ್ಟು, ಚಟ್ನಿ ಅರೆಯುವಷ್ಟು, ಶೀತಕ್ಕೆ ಎರಡು ದಿನ ಕುಡಿಯುವಷ್ಟು ನಿಮ್ಮ ಮನೆಯ ವಿಷಯ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಅದನ್ನೂ ಕೇಳಿಯೇ ಮಾಡಬೇಕು. ಪುಡಿ, ಕ್ಯಾಪ್ಸೂಲ್, ಗುಳಿಗೆಯಾಗಿ ದಿನವೂ ತಿಂಗಳುಗಟ್ಟಲೆ ತೆಗೆದುಕೊಳ್ಳುವುದು ಔಷಧಿ. ಅದರ ಹೆಸರು ನಿಮ್ಮ ಫೈಲಿನಲ್ಲಿರಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಪ್ಯಾಕೆಟ್ ಜೊತೆಗಿರಲಿ. ಇನ್ನು ಊರಿನ ಪೊಟ್ಟಣದಲ್ಲಿ ಗಸಗಸೆ ಸೇರದಂತೆ ಮನೆಯವರಿಗೆ ಮೊದಲೇ ಹೇಳಿಡಿ. ಯುಎಇ, ಸೌದಿ, ಕತಾರ್‌ನಲ್ಲಿ ಅದು ನಿಷಿದ್ಧ, ವಿಮಾನ ನಿಲ್ದಾಣದಲ್ಲಿ ಪಾಯಸಕ್ಕೆ ಎಂದರೆ ಯಾರೂ ಕೇಳುವುದಿಲ್ಲ.

ತಪ್ಪು ಒಂದೇ ಕಡೆ ಇಲ್ಲ ಎನ್ನುವುದನ್ನೂ ಹೇಳಬೇಕು. ನಾಟಿ ಮದ್ದು ಎಂದ ಕೂಡಲೇ ಹುಬ್ಬು ಗಂಟಿಕ್ಕುವ ಡಾಕ್ಟರು, ನಗುವ ಫಾರ್ಮಸಿಸ್ಟು ನಮ್ಮ ನಡುವೆ ಇದ್ದಾರೆ. ಒಮ್ಮೆ ಬೈಸಿಕೊಂಡವರು ಎರಡನೆಯ ಸಲ ಬಾಯಿ ಬಿಡುವುದಿಲ್ಲ. ನೆವಾರ್ಕ್‌ನಲ್ಲಿ ನಾನು ಅತ್ತೆಗೆ ಕ್ಯಾಪ್ಸೂಲ್ ಬಿಡಿ ಎನ್ನಲಿಲ್ಲ. ಡಬ್ಬಿಯನ್ನು ಕೈಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ ಎಂದೆ. ತೋರಿಸಿದರು. ಅಲ್ಲಿಯ ಡಾಕ್ಟರು ಬೈಯದೆ ಹೆಸರು ಬರೆದುಕೊಂಡು, ಮನೆಯಲ್ಲೇ ಬೆಳಗ್ಗೆ ಸಂಜೆ ಸಕ್ಕರೆ ನೋಡಿ ಬರೆದಿಡಲು ಹೇಳಿ, ಎರಡು ವಾರ ಬಿಟ್ಟು ಮಾತ್ರೆಯ ಪ್ರಮಾಣ ಸರಿಮಾಡಿದರು.

ನಮ್ಮ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳ ಫಾರ್ಮಿನಲ್ಲಿ ಹೆಸರು, ವಯಸ್ಸು, ಬಿಪಿ, ಸಕ್ಕರೆಗೆ ಜಾಗವಿರುತ್ತದೆ. "ಊರಿಂದ ತಂದ ಮದ್ದು" ಎಂದು ಕನ್ನಡದಲ್ಲೇ ಇನ್ನೊಂದು ಸಾಲು ಸೇರಿಸಿದರೆ ಖರ್ಚೇನಿಲ್ಲ. ಶಿಬಿರಕ್ಕೆ ಬರುವವರು ಪೊಟ್ಟಣವನ್ನೂ ತರಲಿ. ಚೀಟಿ ಇಲ್ಲದ ಪುಡಿಯಾದರೆ ಕೊಟ್ಟವರ ಫೋನ್ ನಂಬರ್ ತಂದರೂ ಆದೀತು, ಅಲ್ಲಿಂದಲೇ ಫೋನ್ ಮಾಡಿ ಕೇಳೋಣ.